ಕೊನೆಗೌಡರ ಮುಂದೆ ಕೆಮಿಸ್ಟ್ರಿ ಮೇಷ್ಟ್ರು

ಇಂಟರ್‌ನ್ಯಾಷನಲ್ ಸ್ಕೂಲ್ ಬಿಟ್ಟ ಮೇಷ್ಟ್ರುಗಳು ಈಗ ಏನು ಮಾಡುತ್ತಿದ್ದಾರೆ ಅನ್ನೋ ಲೇಖನ ಓದಿ ನನ್ನದೇ ಕಥೆ ಓದಿದ ಹಾಗಾಯ್ತು. ನಾನು ಬ್ಯಾಂಕಾಕ್‌ನಲ್ಲಿ ಒಂಬತ್ತು ವರ್ಷ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್ ಅನ್ನೋ ಅಂತರರಾಷ್ಟ್ರೀಯ ಪಠ್ಯಕ್ರಮ) ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವನು. ಅಪ್ಪನಿಗೆ ತೋಟ ಸುತ್ತೋಕೆ ಆಗಲ್ಲ ಅಂತಾದಾಗ ಸಾಗರದ ಹತ್ತಿರದ ನಮ್ಮೂರಿಗೆ ವಾಪಸ್ ಬಂದೆ.

ಮಳೆಗಾಲದ ಹೊತ್ತಿಗೆ ಅಡಿಕೆಗೆ ಕೊಳೆ ರೋಗದ ಔಷಧಿ, ಅಂದರೆ ಬೋರ್ಡೋ ದ್ರಾವಣ, ಹೊಡೆಸಬೇಕಲ್ಲ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಮೊದಲ ವರ್ಷ ಮಿಶ್ರಣ ಹದವಾಗಿದೆಯಾ ನೋಡೋಕೆ ಗತ್ತಿನಿಂದ ಲಿಟ್ಮಸ್ ಕಾಗದ ಹಿಡಿದು ನಿಂತೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ, ಔಷಧಿ ಹೊಡೆಯುವ ಕೊನೆಗೌಡರು ಸುಮ್ನೆ ನಕ್ಕು, ಸೊಂಟದ ಕತ್ತಿ ತೆಗೆದು ಡ್ರಮ್ಮಿಗೆ ಅದ್ದಿದರು. ಸ್ವಲ್ಪ ಹೊತ್ತಿಗೆ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತ್ತು. "ಸುಣ್ಣ ಸಾಲ್ದು ಮೇಷ್ಟ್ರೇ" ಅಂದರು. ಸುಣ್ಣ ಕಡಿಮೆಯಾದರೆ ತಾಮ್ರ ನೀರಿನಲ್ಲೇ ಕರಗಿ ಉಳಿದು ಕತ್ತಿಗೆ ಅಂಟುತ್ತದೆ. ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳುವ ಈ ಪಾಠವನ್ನೇ ಅಲ್ವಾ ನಾನು ಪ್ರತಿ ವರ್ಷ ಏಸಿ ಲ್ಯಾಬಿನಲ್ಲಿ ಮಾಡಿದ್ದು!

ದುಡ್ಡಿನ ವಿಷಯವನ್ನು ಲೇಖನ ಮುಟ್ಟಿಲ್ಲ. ನಮ್ಮದು ಎರಡೆರಡು ವರ್ಷದ ಕಾಂಟ್ರಾಕ್ಟ್. ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಕೊನೆ ತಿಂಗಳ ಸಂಬಳಕ್ಕೆ ಮೂರು ತಿಂಗಳು ಮೇಲ್ ಬರೆದೆ. ಹೋಗುವವರು ಇದನ್ನೆಲ್ಲ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಈಗ ಭಾನುವಾರ ನಮ್ಮ ಜಗಲಿಯಲ್ಲಿ ಐದಾರು ಪಿಯುಸಿ ಮಕ್ಕಳು ಕೂರುತ್ತಾರೆ. ಫೀಸಿಲ್ಲ, ಆಗಾಗ ಹಲಸಿನ ಹಪ್ಪಳ ಬರುತ್ತದೆ. ಐಬಿ ಅಂದರೆ ಅವರಿಗೆ ಇನ್‌ಸ್ಪೆಕ್ಷನ್ ಬಂಗಲೆ, ಅಂದರೆ ಸರ್ಕಾರಿ ಪ್ರವಾಸಿ ಮಂದಿರ! ಬೇಕಾಗಿರೋದು ಸಿಇಟಿ ರ‍್ಯಾಂಕ್. ಅಣುಗಳನ್ನು ಎಣಿಸುವ ಮೋಲ್ ಲೆಕ್ಕ ಬಂದಾಗ ಮಾತ್ರ ಬ್ಯಾಂಕಾಕ್ ಮಕ್ಕಳ ಹಾಗೇ ಕಿಟಕಿ ಹೊರಗೆ ನೋಡುತ್ತಾರೆ.