ಮಂಡಕ್ಕಿ ಗಾಡಿಯವರ ಸಾಕ್ಷಿ, ಮಂಜೇರಿಯ ಗ್ಯಾಲರಿ

ಹೋದ ಭಾನುವಾರ ಸಂಜೆ ದಾವಣಗೆರೆಯಲ್ಲಿ ನಮ್ಮ ಬಡಾವಣೆಯ ಹುಡುಗರು ಚಿತ್ರದುರ್ಗದಿಂದ ಬಂದ ಫುಟ್‌ಬಾಲ್ ತಂಡವನ್ನು 2–1ರಿಂದ ಸೋಲಿಸಿದರು. ಗೆಲ್ಲಿಸಿಕೊಟ್ಟ ಎರಡನೆಯ ಗೋಲು ಗೋಲೇ ಹೌದೆಂದು ತೀರ್ಮಾನವಾದದ್ದು ಮಂಡಕ್ಕಿ ಗಾಡಿಯವರೊಬ್ಬರ ಸಾಕ್ಷಿಯ ಮೇಲೆ. ಇದನ್ನು ಮಂಜೇರಿಯ ನನ್ನ ಸಹೋದ್ಯೋಗಿಗೆ ಫೋನಿನಲ್ಲಿ ಹೇಳಿದರೆ ಆತ ನಂಬಲಿಲ್ಲ. ಗೋಲಿಗೆ ಬಲೆ ಕಟ್ಟಿರಲಿಲ್ಲವೇ ಎಂದು ಕೇಳಿದ. ಇರಲಿಲ್ಲ ಎಂದೆ. ಜನರೂ ಇರಲಿಲ್ಲವೇ ಎಂದ. ಇದ್ದರು, ಆದರೆ ಅವರಲ್ಲಿ ಅರ್ಧ ಮಂದಿ ಈ ಆಟ ಯಾವಾಗ ಮುಗಿಯುತ್ತದೆ, ನಮ್ಮ ಕ್ರಿಕೆಟ್‌ಗೆ ಯಾವಾಗ ಜಾಗ ಸಿಗುತ್ತದೆ ಎಂದು ಬ್ಯಾಟು ಹಿಡಿದು ಕುಳಿತಿದ್ದವರು.

ನಾನು ಕೇರಳದ ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿ ನೌಕರಿ ಮಾಡುತ್ತೇನೆ. ಜೂನ್ ಬಂತೆಂದರೆ ಅಲ್ಲಿ ಮಳೆ ಹಿಡಿದು ಕೂರುತ್ತದೆ, ಬೇಸಿಗೆಯುದ್ದಕ್ಕೂ ನಡೆದ ಸೆವೆನ್ಸ್ ಫುಟ್‌ಬಾಲ್ ಪಂದ್ಯಗಳೂ ನಿಂತಿರುತ್ತವೆ. ರಜೆ ಹಾಕಿ ಊರಿಗೆ ಬರಲು ನನಗೆ ಅದೇ ಸರಿಯಾದ ಸಮಯ. ಇಲ್ಲಿ ಆಷಾಢದ ಗಾಳಿ, ಜಿಟಿಜಿಟಿ ಹನಿ. ಅಕ್ಕನ ಮಗ ಈ ತಂಡದಲ್ಲಿ ಎಡಗಡೆ ಆಡುತ್ತಾನೆ. "ಮಾವ, ನೀವು ಅಲ್ಲಿ ಎಂತೆಂಥ ಆಟ ನೋಡಿದವರು, ನಮ್ಮದನ್ನೂ ಒಮ್ಮೆ ನೋಡಿ" ಎಂದು ಕರೆದ. ಕರೆದದ್ದಕ್ಕೆ ಆಮೇಲೆ ಪಶ್ಚಾತ್ತಾಪ ಪಟ್ಟಿರಬೇಕು, ಏಕೆಂದರೆ ಅಂದಿನಿಂದ ನಾನು ಬಾಯಿ ಮುಚ್ಚಿಲ್ಲ.

ಆಟ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದುರ್ಗದವರು ಹೆದ್ದಾರಿಯಲ್ಲಿ ಕ್ರೂಸರ್ ಮಾಡಿಕೊಂಡು ಅರವತ್ತು ಕಿಲೋಮೀಟರ್ ಬಂದಿದ್ದರು. ಇಳಿದ ಮೇಲೆ ಎಣಿಸಿದರೆ ಹತ್ತೇ ಜನ. ಹನ್ನೊಂದನೆಯವನಿಗೆ ಅಂಗಡಿಯ ಯಜಮಾನರು ರಜೆ ಕೊಡಲಿಲ್ಲವಂತೆ. ಬೇರೆ ಎಲ್ಲಿಯಾದರೂ ಆಗಿದ್ದರೆ ಎದುರಾಳಿಗಳು ಒಳಗೊಳಗೇ ಖುಷಿಪಡುತ್ತಿದ್ದರು. ನಮ್ಮವರು ತಮ್ಮಲ್ಲಿ ಹೆಚ್ಚುವರಿಯಾಗಿದ್ದ ಬಿ.ಕಾಂ. ಓದುವ ಹುಡುಗನೊಬ್ಬನನ್ನು ಅವರಿಗೆ ಕೊಟ್ಟರು. ಹತ್ತು ನಿಮಿಷವಾಗುವುದರೊಳಗೆ ನಮ್ಮ ಮೇಲೆ ಗೋಲು ಹೊಡೆದವನು ಅವನೇ! ನಮ್ಮ ತಂಡದ ಜೆರ್ಸಿಯನ್ನೇ ತಿರುವುಮುರುವು ಮಾಡಿ ಹಾಕಿಕೊಂಡಿದ್ದ. ಅವನನ್ನು ಬೈಯುವಂತಿಲ್ಲ, ಹೊಗಳುವಂತೆಯೂ ಇಲ್ಲ. ನಮ್ಮ ನಾಯಕ ಸುಮ್ಮನೆ ಹೋಗಿ ಚೆಂಡನ್ನು ನಡುವೆ ಇಟ್ಟ.

ಮೊದಲಾರ್ಧದಲ್ಲಿ ಗಾಳಿ ನಮಗೆ ಎದುರು. ನಮ್ಮ ಗೋಲ್‌ಕೀಪರ್ ಎತ್ತಿ ಒದ್ದ ಚೆಂಡು ಅರ್ಧ ಮೈದಾನವನ್ನೂ ದಾಟದೆ ಮೇಲೇರಿ ಅವನ ಕಡೆಗೇ ವಾಪಸಾಗುತ್ತಿತ್ತು. ವಿರಾಮದ ನಂತರ ಗಾಳಿ ನಮ್ಮ ಬೆನ್ನಿಗಾಯಿತು, ಸ್ವಲ್ಪ ಹೊತ್ತಿಗೇ 1–1. ಆ ಗೋಲಿನ ಬಗ್ಗೆ ಹೇಳುವುದೇನೂ ಇಲ್ಲ, ಅವರ ಕೀಪರ್ ಜಾರಿ ಬಿದ್ದ.

ಹೇಳಬೇಕಾದದ್ದು ಕೊನೆಯ ಗೋಲಿನ ಕಥೆ. ಮೋಡ ಕವಿದು ಆಗಲೇ ಕತ್ತಲಾಗುತ್ತಿತ್ತು. ಬಲಗಡೆಯ ಕಾರ್ನರ್‌ನಿಂದ ಬಂದ ಚೆಂಡು ನಾಲ್ಕೈದು ಕಾಲುಗಳ ನಡುವೆ ಸಿಕ್ಕಿಬಿತ್ತು, ಯಾರೋ ಜೋರಾಗಿ ಒದ್ದರು, ಅದು ಎಡಗಂಬದ ಪಕ್ಕದಲ್ಲಿ ಸುಂಯ್ ಎಂದು ಹೋಯಿತು. ಕಂಬದ ಒಳಗೋ ಹೊರಗೋ? ಬಲೆ ಇದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನಮ್ಮವರು ಕೈ ಎತ್ತಿ ಕುಣಿದರು, ದುರ್ಗದವರು ಹೊರಗೆ ಹೊರಗೆ ಎಂದು ಕೂಗಿದರು. ರೆಫರಿ ಆಗಿದ್ದವರು ನಿವೃತ್ತ ದೈಹಿಕ ಶಿಕ್ಷಕರು, ಅರವತ್ತು ದಾಟಿದವರು, ಆ ಹೊತ್ತಿಗೆ ಮೈದಾನದ ನಡುವಿನಲ್ಲಿದ್ದರು. ಅವರು ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಗೋಲಿನ ಹಿಂದಕ್ಕೆ ನಡೆದುಹೋದರು. ಅಲ್ಲಿ ಮಂಡಕ್ಕಿ ಮಿರ್ಚಿ ಗಾಡಿ. ಚೆಂಡು ಅದರ ಚಕ್ರಕ್ಕೆ ಒರಗಿ ನಿಂತಿತ್ತು. ಗಾಡಿಯವರು ಈರುಳ್ಳಿ, ಶೇಂಗಾ, ಖಾರದ ಪುಡಿ ಹಾಕಿ ಮಂಡಕ್ಕಿ ಕಲಸುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಏನಪ್ಪಾ, ಚೆಂಡು ಕಂಬದ ಒಳಗಿನಿಂದ ಬಂತೋ, ಹೊರಗಿನಿಂದಲೋ?"

"ಹೊರಗಿನಿಂದ ಬಂದಿದ್ದರೆ ಆ ಕಲ್ಲಿಗೆ ಬಡಿಯಬೇಕಿತ್ತು ಸರ್. ನನ್ನ ಗಾಡಿಗೆ ಬಡಿಯಬೇಕಾದರೆ ಒಳಗಿನಿಂದಲೇ ಬರಬೇಕು. ದಿನಾ ನೋಡುತ್ತೇನೆ."

ದುರ್ಗದ ನಾಯಕ ಬಿಡಲಿಲ್ಲ. "ಸರ್, ಇವರು ನಿಮ್ಮ ಊರಿನವರು, ನಿಮ್ಮ ಪರವಾಗಿಯೇ ಹೇಳುತ್ತಾರೆ" ಎಂದ.

ಗಾಡಿಯವರು ಆಗ ತಲೆ ಎತ್ತಿದರು. "ನನ್ನ ಊರು ಹಿರಿಯೂರು ತಮ್ಮಾ" ಎಂದರು.

ಹಿರಿಯೂರು ಚಿತ್ರದುರ್ಗ ಜಿಲ್ಲೆ. ಅಲ್ಲಿಗೆ ವಾದ ಮುಗಿಯಿತು, ಮೇಷ್ಟ್ರು ಸೀಟಿ ಊದಿದರು. ರಾತ್ರಿ ಗೆದ್ದವರೇ ಸೋತವರಿಗೆ ಬೆಣ್ಣೆ ದೋಸೆ ಕೊಡಿಸಿದರು. ಚೆಂಡು, ಸುಣ್ಣ, ಮೇಷ್ಟ್ರ ಚಹಾ, ಈಗ ಈ ದೋಸೆ, ಎಲ್ಲವೂ ಹುಡುಗರ ಜೇಬಿನಿಂದಲೇ, ತಲೆಗೆ ಇಷ್ಟು ಎಂದು ಹಾಕಿಕೊಂಡದ್ದು. ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಆಡಿ ಮೊಣಕಾಲು ಕೆತ್ತಿಸಿಕೊಂಡವರೂ ಅವರೇ, ದುಡ್ಡು ಕೊಟ್ಟವರೂ ಅವರೇ. ಪುಕ್ಕಟೆ ನೋಡಿದ ನಮ್ಮಂಥವರು ಮಿರ್ಚಿ ತಿಂದು ಮನೆಗೆ ಹೋದೆವು.

ಮಲಪ್ಪುರಂನಲ್ಲಿ ಇದು ತಲೆಕೆಳಗು. ಅಲ್ಲಿ ಊರಿನ ಹುಡುಗರು ಆಡುತ್ತಾರೆ, ಊರು ದುಡ್ಡು ಕೊಟ್ಟು ನೋಡುತ್ತದೆ. ಕೊಯ್ಲು ಮುಗಿದ ಗದ್ದೆಯನ್ನು ಸಮ ಮಾಡಿ, ಅಡಿಕೆ ಮರದ ಕಂಬ, ಹಲಗೆಗಳಿಂದ ಗ್ಯಾಲರಿ ಕಟ್ಟಿ, ದೊಡ್ಡ ದೀಪ ಹಾಕಿ ರಾತ್ರಿ ಆಟ. ತಂಡಕ್ಕೆ ಏಳೇ ಜನ, ಅದಕ್ಕೇ ಸೆವೆನ್ಸ್ ಎಂಬ ಹೆಸರು. ತಂಡದ ಹೆಸರಿನ ಜೊತೆಗೆ ಜವಳಿ ಅಂಗಡಿಯದೋ ಸೂಪರ್ ಮಾರ್ಕೆಟ್‌ನದೋ ಹೆಸರು ಸೇರಿರುತ್ತದೆ. ನೈಜೀರಿಯಾ, ಘಾನಾ, ಐವರಿ ಕೋಸ್ಟ್‌ಗಳಿಂದ ಬಂದ ಆಟಗಾರರು ಪಂದ್ಯಕ್ಕೆ ಇಷ್ಟೆಂದು ಹಣ ಪಡೆದು ಆಡುತ್ತಾರೆ. ಎಷ್ಟೋ ಕಡೆ ಉಳಿದ ಹಣ ಗುಣವಾಗದ ರೋಗಿಗಳ ನೋವು ತಗ್ಗಿಸುವ ಊರಿನ ಉಪಶಾಮಕ ಚಿಕಿತ್ಸಾ ಕೇಂದ್ರಕ್ಕೆ, ಯಾರದೋ ಡಯಾಲಿಸಿಸ್‌ಗೆ ಹೋಗುತ್ತದೆ. ಬಿಳಿ ಪಂಚೆ ಎತ್ತಿ ಕಟ್ಟಿದ ಎಪ್ಪತ್ತರ ಮುದುಕರು ಪಕ್ಕದಲ್ಲಿ ಕುಳಿತು, ಈ ಹುಡುಗನ ತಂದೆ ಇವನಿಗಿಂತ ಚೆನ್ನಾಗಿ ಹೆಡ್ ಮಾಡುತ್ತಿದ್ದ ಎಂದು ಲೊಚಗುಟ್ಟುವುದನ್ನು ನಾನು ಕೇಳಿದ್ದೇನೆ. ತಪ್ಪು ಪಾಸ್ ಕೊಟ್ಟವನಿಗೆ ಮಾರನೆಯ ದಿನ ಮೀನು ಮಾರುಕಟ್ಟೆಯಲ್ಲಿ ವಿಚಾರಣೆ.

ಅದಕ್ಕೆ ಅವರದೇ ಇತಿಹಾಸವಿದೆ. ಮಲಪ್ಪುರಂ ಬ್ರಿಟಿಷರ ಸೇನಾ ಠಾಣೆಯಾಗಿತ್ತು. 1921ರಲ್ಲಿ ಹುಟ್ಟಿದ ಮಲಬಾರ್ ಸ್ಪೆಷಲ್ ಪೊಲೀಸ್ ಪಡೆಗೆ ಹೆಸರುವಾಸಿ ಫುಟ್‌ಬಾಲ್ ತಂಡವಿತ್ತು. ಆಮೇಲೆ ಕೊಲ್ಲಿ ದೇಶಗಳ ದುಡ್ಡು ಬಂತು. 2022ರ ವಿಶ್ವಕಪ್ ಹೊತ್ತಿಗೆ ನೆರೆಯ ಕೋಯಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿಯ, ದಡದಲ್ಲಿ ನೇಮಾರ್ ಅವರ ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ ಕಟೌಟ್‌ಗಳು ಎದ್ದವು. ಅವುಗಳ ಚಿತ್ರವನ್ನು ಫುಟ್‌ಬಾಲ್‌ನ ವಿಶ್ವ ಸಂಸ್ಥೆಯೇ ಹಂಚಿಕೊಂಡಿತು. ನಮ್ಮ ಪಿ.ಬಿ. ರಸ್ತೆಯಲ್ಲಿ ಕಟೌಟ್ ಎದ್ದರೆ ಯಾರದೆಂದು ಬೇರೆ ಹೇಳಬೇಕೇ.

ಅಲ್ಲಿಯದೆಲ್ಲ ಚಿನ್ನ ಎನ್ನುವವನು ನಾನಲ್ಲ. 2022ರ ಮಾರ್ಚ್‌ನಲ್ಲಿ ಇದೇ ಜಿಲ್ಲೆಯಲ್ಲಿ ತಾತ್ಕಾಲಿಕ ಗ್ಯಾಲರಿ ಕುಸಿದು ಬಹಳ ಮಂದಿ ಗಾಯಗೊಂಡರು. 2024ರ ಮಾರ್ಚ್‌ನಲ್ಲಿ ಅರೀಕೋಡ್ ಬಳಿ ಆಟ ನೋಡಲು ಬಂದ ಜನವೇ ಐವರಿ ಕೋಸ್ಟ್‌ನ ಆಟಗಾರನೊಬ್ಬನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರು. ಹಣ ಕೊಟ್ಟ ಮಾತ್ರಕ್ಕೆ ಆಟಗಾರ ತಮ್ಮ ಸೊತ್ತು ಎಂದುಕೊಳ್ಳುವ ಜನ ಎಲ್ಲ ಕಡೆಯೂ ಇದ್ದಾರೆ. ಹುಡುಗರ ದೋಸೆಯ ಔದಾರ್ಯವನ್ನು ನಾನು ಅಲ್ಲಿ ಕಂಡಿಲ್ಲ ಎಂಬುದನ್ನೂ ಹೇಳಬೇಕು. ಎದುರಾಳಿಗೆ ಆಟಗಾರನನ್ನು ಸಾಲ ಕೊಡುವುದಂತೂ ಅವರಿಗೆ ಊಹೆಗೂ ನಿಲುಕದ ಮಾತು.

ಆದರೆ 2022ರ ಏಪ್ರಿಲ್‌ನಲ್ಲಿ ಮಂಜೇರಿಯ ಪಯ್ಯನಾಡ್ ಕ್ರೀಡಾಂಗಣದಲ್ಲಿ ಕುಳಿತು ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯ ಕರ್ನಾಟಕ–ಕೇರಳ ಸೆಮಿಫೈನಲ್ ನೋಡಿದವನಿಗೆ ಒಂದು ವಿಷಯ ಮರೆಯುವುದಿಲ್ಲ. ಮೊದಲ ಗೋಲು ನಮ್ಮದೇ. ನಾನು ಎದ್ದು ನಿಂತು ಕೂಗಿದೆ, ಸಾವಿರಾರು ಜನರ ನಡುವೆ ನನ್ನದೊಂದೇ ಗಂಟಲು. ಆಮೇಲೆ ಬದಲಿ ಆಟಗಾರನಾಗಿ ಇಳಿದ ಕೇರಳದ ಜೆಸಿನ್ ಒಬ್ಬನೇ ಐದು ಗೋಲು ಹೊಡೆದ, ನಾವು 7–3ರಿಂದ ಸೋತೆವು. ಪಕ್ಕದಲ್ಲಿದ್ದ ಹಿರಿಯರು ಸಮಾಧಾನ ಮಾಡಲು ನನ್ನ ಊರು ಕೇಳಿದರು. ದಾವಣಗೆರೆ ಎಂದೆ. ಅಲ್ಲಿನ ಆಟಗಾರ ಯಾರಿದ್ದಾರೆ ಎಂದರು. ನನಗೆ ಹೊಳೆದದ್ದು ವಿನಯ್ ಕುಮಾರ್. "ಅವರು ಕ್ರಿಕೆಟ್ ಅಲ್ಲವೇ" ಎಂದು ಆ ಹಿರಿಯರು ಮರುಕದಿಂದ ನಕ್ಕರು.

ಮುಂದಿನ ವರ್ಷವೇ, 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿ ಗೆದ್ದಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ನಂತರ 54 ವರ್ಷ ಕಾದ ಗೆಲುವು. ಮಂಜೇರಿಯಲ್ಲಿ ಅಂಗಡಿಯವರು ಕೂಡ ನನ್ನನ್ನು ನಿಲ್ಲಿಸಿ ಕೈಕುಲುಕಿದರು. ಅಕ್ಕನ ಮನೆಗೆ ಫೋನ್ ಮಾಡಿದರೆ ಭಾವನವರು "ಯಾವ ಟ್ರೋಫಿ?" ಎಂದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು ಎಂದರೆ ನಮ್ಮ ಕಡೆ ಯಾರೂ ಹುಬ್ಬು ಕೂಡ ಏರಿಸುವುದಿಲ್ಲ. ಬೆಂಗಳೂರಿನ ಫುಟ್‌ಬಾಲ್ ಬೆಂಗಳೂರಿನಲ್ಲೇ ಉಳಿದಿದೆ.

ಇದಕ್ಕೆ ಊರಿನವರು ಕೊಡುವ ಕಾರಣಗಳು ನನಗೆ ಬಾಯಿಪಾಠ: ಮೈದಾನವಿಲ್ಲ, ಸರ್ಕಾರ ಗಮನ ಕೊಡುವುದಿಲ್ಲ, ನಮ್ಮವರಿಗೆ ಕ್ರಿಕೆಟ್ ಹುಚ್ಚು. ಮಲಪ್ಪುರಂನಲ್ಲಿ ಆಡುವುದು ಗದ್ದೆಯಲ್ಲಿ. ಭದ್ರಾ ನಾಲೆಯ ಕೆಳಗೆ ನಮಗಿರುವಷ್ಟು ಗದ್ದೆ ಅವರಿಗಿದೆಯೇ? ಸರ್ಕಾರದ ಮಾತು ಬಿಡಿ, ಸೆವೆನ್ಸ್ ಬೆಳೆದದ್ದು ಅಧಿಕೃತ ಫುಟ್‌ಬಾಲ್ ಸಂಸ್ಥೆಗಳ ಆಸರೆಯಿಲ್ಲದೆ. ಇನ್ನು ನಮ್ಮಲ್ಲಿ ಟೂರ್ನಮೆಂಟ್ ನಡೆದಾಗ ಏನಾಗುತ್ತದೆ? ಇಪ್ಪತ್ತು ಮುಖಗಳ ಫ್ಲೆಕ್ಸ್, ಅದರಲ್ಲಿ ಆಟಗಾರನ ಮುಖ ಒಂದೂ ಇಲ್ಲ. ಮುಖ್ಯ ಅತಿಥಿ ಬರುವ ತನಕ ಹುಡುಗರು ಬಿಸಿಲಲ್ಲಿ ಸಾಲಾಗಿ ನಿಲ್ಲಬೇಕು, ಬಂದವರು ಚೆಂಡನ್ನು ಒಮ್ಮೆ ಒದ್ದು ಫೋಟೊ ತೆಗೆಸಿಕೊಂಡು ಹೊರಟುಹೋಗುತ್ತಾರೆ. ಆ ಫ್ಲೆಕ್ಸ್ ಮತ್ತು ಶಾಲುಗಳ ದುಡ್ಡಿನಲ್ಲಿ ಎರಡೂ ಗೋಲಿಗೆ ಬಲೆ ಬರುತ್ತದೆ.

ನೋಡುವ ವಿದ್ಯೆ ನಮಗೆ ಗೊತ್ತಿಲ್ಲವೆಂದಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ಕಣಕ್ಕೆ ಬಂದು ನೋಡಿ. ಜೋಡಿ ಸಮನಾಗಿಲ್ಲದಿದ್ದರೆ ಜನ ಕೂಗಿ ಇಳಿಸುತ್ತಾರೆ. ಕಾಲ ಕಳೆಯುತ್ತಿರುವ ಪೈಲ್ವಾನನನ್ನು ಹಿಡಿ, ಹಿಡಿ ಎಂದು ಚುಚ್ಚುತ್ತಾರೆ. ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದನ್ನು ಸಾವಿರ ಕಣ್ಣು ಒಟ್ಟಿಗೆ ನೋಡಿರುತ್ತವೆ, ತೀರ್ಪುಗಾರ ಹಟ ಹಿಡಿದರೂ ನಡೆಯುವುದಿಲ್ಲ. ಗೆದ್ದವನ ಕೈಗೆ ಜನ ತಮ್ಮ ಜೇಬಿನಿಂದ ನೋಟು ತೆಗೆದು ಕೊಡುತ್ತಾರೆ, ಅದನ್ನು ಧ್ವನಿವರ್ಧಕದಲ್ಲಿ ಹೆಸರು ಹೇಳಿ ಕೂಗುತ್ತಾರೆ. ಗರಡಿಯಲ್ಲಿ ಮಣ್ಣು ಹದ ಮಾಡುವ ಹಿರಿಯರಿಗೆ ಪೈಲ್ವಾನನ ಅಜ್ಜನ ಪಟ್ಟುಗಳೂ ನೆನಪಿರುತ್ತವೆ. ಮಂಜೇರಿಯ ಗ್ಯಾಲರಿಯಲ್ಲಿ ನಾನು ಕಂಡದ್ದು ಇದನ್ನೇ. ಕುಸ್ತಿಗೆ ಕೊಟ್ಟಿರುವ ಕಣ್ಣು, ಬಾಯಿ, ಜೇಬು ಮೂರನ್ನೂ ದಾವಣಗೆರೆ ಫುಟ್‌ಬಾಲ್‌ಗೆ ಕೊಟ್ಟಿಲ್ಲ, ಅಷ್ಟೇ.

ಹಾಗಾಗಿ ದೋಸೆಯ ಮೇಜಿನಲ್ಲೇ ನನ್ನ ಸಲಹೆ ಇಟ್ಟೆ. ಮುಂದಿನ ಸಲ ಹತ್ತು ರೂಪಾಯಿ ಟಿಕೆಟ್ ಇಡಿ. ಬಡಾವಣೆಯ ಹಿರಿಯರು ನಾಲ್ವರನ್ನು ಕೂರಿಸಿ ಸಮಿತಿ ಮಾಡಿ, ಲೆಕ್ಕ ಅವರ ಕೈಗೆ ಕೊಡಿ. ಬಂದ ಹಣದಲ್ಲಿ ಮೊದಲು ಬಲೆ. ಅತಿಥಿಗಳನ್ನು ಕರೆಯಬೇಡಿ, ಬರಲೇಬೇಕೆನ್ನುವವರು ಟಿಕೆಟ್ ತೆಗೆದುಕೊಂಡು ಬರಲಿ. ಹಿಂದಿನ ದಿನ ಕುಸ್ತಿಗೆ ಮಾಡುವಂತೆ ಹಲಗೆ ಬಡಿಸಿ ಸಾರಿಸಿ.

ಅಕ್ಕನ ಮಗ ಒಪ್ಪಲಿಲ್ಲ. "ಮಾವ, ಟಿಕೆಟ್ ಇಟ್ಟರೆ ಈಗ ಬರುವ ನಲವತ್ತು ಜನರೂ ಬರುವುದಿಲ್ಲ. ಬಂದವರು ಸೋತ ದಿನ ನಮ್ಮ ಮನೆಯ ತನಕ ಬಂದು ಬೈಯುತ್ತಾರೆ."

ಬೈಯಲಿ ಎಂದೆ. ಬೈಯಲು ಮನೆಯ ತನಕ ಬರುವ ಹತ್ತು ಜನ ಸಿಕ್ಕರೆ ಅವರಿಗೆ ನಾನೇ ಚಹಾ ಕೊಡಿಸುತ್ತೇನೆ ಎಂದೆ. ಹುಡುಗರು ನಕ್ಕರು, ದುರ್ಗದ ನಾಯಕ ಮಾತ್ರ ನಗಲಿಲ್ಲ. ಮುಂದಿನ ಪಂದ್ಯ ಅವರ ಊರಿನಲ್ಲಿ. ಟಿಕೆಟ್ ವಿಷಯವನ್ನು ತಮ್ಮ ಹುಡುಗರೊಂದಿಗೆ ಮಾತನಾಡುವುದಾಗಿ ಹೇಳಿದ, ಬಲೆ ಬಾಡಿಗೆಗೆ ಎಲ್ಲಿ ಸಿಗುತ್ತದೆ ಎಂದು ಕೇಳಿ ಬರೆದುಕೊಂಡ. ಹಲಗೆ ಬೇಡ, ವಾಟ್ಸಾಪ್‌ನಲ್ಲಿ ಹಾಕಿದರೆ ಸಾಕು ಎಂಬುದು ಅವನ ವಾದ. ಅದನ್ನು ನಾನು ಇನ್ನೂ ಒಪ್ಪಿಲ್ಲ.