ಮೂರು ವರ್ಷದ ಮಗು ನೂರರವರೆಗೆ ಬರೆಯಬೇಕಾಗಿಲ್ಲ: ಸ್ಪಷ್ಟನೆ

ಮೂರು ವರ್ಷ ತುಂಬುವುದರೊಳಗೆ ಅಕ್ಷರಮಾಲೆಯನ್ನೂ 100ರವರೆಗಿನ ಅಂಕಿಗಳನ್ನೂ ಬರೆಯಲು ಬಾರದ ಮಗು ‘ನಿಪುಣ್ ಭಾರತ್’ (ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕದ ಬುನಾದಿಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆ) ಗುರಿಯಿಂದ ಹಿಂದೆ ಬಿದ್ದಂತೆ ಎಂಬ ಸಂದೇಶ ತೀರ್ಥಹಳ್ಳಿ, ಹೊಸನಗರ ಕಡೆಯ ಪೋಷಕರ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ.

2021ರ ಜುಲೈ 5ರಂದು ಆರಂಭವಾದ ಆ ಯೋಜನೆಯ ಗುರಿಗಳು ಶುರುವಾಗುವುದೇ ಒಂದನೇ ತರಗತಿಗೆ ಮುಂಚಿನ ಬಾಲವಾಟಿಕೆಯಿಂದ, ಅಂದರೆ ಐದು ವರ್ಷ ದಾಟಿದ ಮಕ್ಕಳಿಂದ. ಅಲ್ಲಿಯೂ ಕೇಳಿರುವುದು ಅಕ್ಷರವನ್ನೂ ಅದರ ಧ್ವನಿಯನ್ನೂ ಗುರುತಿಸುವುದು, ಎರಡು ಮೂರು ಅಕ್ಷರಗಳ ಸರಳ ಪದ ಓದುವುದು, 10ರವರೆಗಿನ ಅಂಕಿಗಳನ್ನು ಗುರುತಿಸಿ ಓದುವುದು. 99ರವರೆಗೆ ಓದಿ ಬರೆಯುವುದು ಒಂದನೇ ತರಗತಿಯ ಗುರಿ.

ಅಂಗನವಾಡಿಯಲ್ಲಿ ‘ಬರೀ ಆಟ’ ಎಂಬ ಮಾತೂ ಅದೇ ಸಂದೇಶದಲ್ಲಿದೆ. ಇಪ್ಪತ್ತರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿನ ಮುಂದೆ ಜಗಲಿಯಲ್ಲಿ ಆರು ಒಣ ಅಡಿಕೆ ಇಟ್ಟು ನೋಡಿ: ಒಂದನ್ನೇ ಎರಡು ಸಲ ಮುಟ್ಟಿ ‘ಏಳು’ ಎನ್ನಬಹುದು. ಒಂದು ಅಡಿಕೆಗೆ ಒಂದೇ ಅಂಕಿ, ಕೊನೆಗೆ ಹೇಳಿದ್ದೇ ಒಟ್ಟು ಎಂಬುದು ತಿಳಿದಾಗಲೇ ಎಣಿಕೆ ಬಂದಂತೆ, ಮತ್ತು ಅದು ತಿಳಿಯುವುದು ಇಂಥ ಆಟದಿಂದಲೇ. ‘ಮಳೆ’, ‘ಮನೆ’, ‘ಮರ’ಗಳ ಮೊದಲ ಸದ್ದು ಒಂದೇ ಎಂದು ಕಿವಿಯಿಂದ ಹಿಡಿಯುವುದೂ ಓದಿನ ತಯಾರಿಯೇ, ದಯವಿಟ್ಟು ಎಳೆಯ ಬೆರಳುಗಳಿಗೆ ಪೆನ್ಸಿಲ್ ತುರುಕಿ ಮಕ್ಕಳನ್ನು ಅಳಿಸಬೇಡಿ.

ಆ ಸಂದೇಶವನ್ನು ಹಂಚಿದವರು ಈ ಸ್ಪಷ್ಟನೆಯನ್ನೂ ಅದೇ ಗುಂಪುಗಳಿಗೆ ಕಳುಹಿಸಬೇಕೆಂದು ಕೋರುತ್ತೇನೆ.