ಕ್ವಿಬೆಕ್ ಸಿಟಿಯಲ್ಲಿ ಊಟಕ್ಕೆ ಕೋಟೆ ಗೋಡೆ ದಾಟಿ ಹೋಗಿ

ಕೆನಡಾದ ಫ್ರೆಂಚ್ ಮಾತಾಡುವ ಊರು ಕ್ವಿಬೆಕ್ ಸಿಟಿಯಲ್ಲಿ ಎಲ್ಲಿ ಊಟ ಮಾಡಬೇಕು ಅಂತ ನೀವು ಬರೆದ ಲೇಖನ ಓದಿದೆ. ಚೆನ್ನಾಗಿದೆ, ಆದರೆ ಬರೀ ಕೋಟೆ ಗೋಡೆಯ ಒಳಗಿನ ಮತ್ತು ಅದರ ಬುಡದ ಹಳೇ ಊರಿನ ಹೋಟೆಲುಗಳನ್ನೇ ಹೇಳಿದ್ದೀರಿ. 1608ರಲ್ಲಿ ಹುಟ್ಟಿದ ಊರು, ಪೆಟಿ ಶಾಂಪ್ಲೇನ್ ಬೀದಿ ನೋಡೋಕೆ ಬಹಳ ಚಂದ, ಒಪ್ಪುತ್ತೇನೆ. ಆದರೆ ಅಲ್ಲಿ ಪ್ರವಾಸಿಗರೇ ಜಾಸ್ತಿ, ದುಡ್ಡೂ ಜಾಸ್ತಿ. ಗೋಡೆ ದಾಟಿ ಸೇಂಟ್ ಜಾನ್ ರಸ್ತೆಯಲ್ಲಿ ಮುಂದೆ ನಡೆಯಿರಿ, ಇಲ್ಲವೇ ಮೆಟ್ಟಿಲಿಳಿದು ಕೆಳಗಿನ ಸೇಂಟ್ ರೋಕ್ ಬಡಾವಣೆಗೆ ಹೋಗಿ, ಊರಿನವರು ಊಟ ಮಾಡುವ ಜಾಗಗಳು ಅಲ್ಲಿವೆ. ಮಧ್ಯಾಹ್ನವೇ ಹೋಗಿ. ಸೂಪ್, ಮುಖ್ಯ ಊಟ, ಕಾಫಿ ಎಲ್ಲ ಸೇರಿಸಿ ಕೊಡುವ 'ಟಾಬ್ಲ್ ದೋಟ್' ಆಗ ರಾತ್ರಿಗಿಂತ ಅಗ್ಗ.

ಪೂಟೀನ್ ತಿನ್ನದೆ ಬರಬೇಡಿ. ಬಿಸಿ ಆಲೂ ಫ್ರೈ ಮೇಲೆ ಗ್ರೇವಿ, ಚೀಸ್ ತುಂಡು. ಚೀಸ್ ತಾಜಾ ಇದ್ದರೆ ಹಲ್ಲಿಗೆ ಕಿರ್ ಅನ್ನಬೇಕು, ಅನ್ನದಿದ್ದರೆ ಅದು ಹಳೆಯದು ಅಂತ ತಿಳಿಯಿರಿ. ನಮ್ಮ ಸಸ್ಯಾಹಾರಿಗಳಿಗೆ ಇದನ್ನು ಹೇಳಲೇಬೇಕು: ಗ್ರೇವಿ ಸಾಮಾನ್ಯವಾಗಿ ಮಾಂಸದ ರಸದಿಂದ ಮಾಡಿದ್ದು, ಹಳದಿ ಬಟಾಣಿ ಸೂಪಿನಲ್ಲೂ ಹಂದಿಮಾಂಸ ಇರುತ್ತದೆ. ಸುಮ್ನೆ ನೋಡಿ ನಂಬಬೇಡಿ, ಕೇಳಿ. ಬೇಸಿಗೆಯಲ್ಲಿ ಹೋದರೆ ಗ್ರಾಂ ಮಾರ್ಶೆ ಮಾರುಕಟ್ಟೆಯಲ್ಲಿ ಓರ್ಲಿಯಾನ್ ದ್ವೀಪದ ಸ್ಟ್ರಾಬೆರಿ ಹುಡುಕಿ, ಅಂಗಡಿಗೆ ಕಾಲಿಟ್ಟ ಕೂಡಲೇ 'ಬೋಂಜೂರ್' (ಫ್ರೆಂಚಿನಲ್ಲಿ ನಮಸ್ಕಾರ) ಅನ್ನಿ, ಚೆನ್ನಾಗಿ ಮಾತಾಡಿಸುತ್ತಾರೆ.